ಹೆಸರು ಉಳಿಯಿತು, ದನಿ ಮರೆಯಾಯಿತು: ಪಾಂಡೇಶ್ವರ ಕಾಳಿಂಗರಾಯರನ್ನು ಮತ್ತೆ ಕೇಳಿಸುವ ಬಗೆ

ಬೈಂದೂರು ಸೀಮೆಯ ಯಡ್ತರೆಯಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ತೆಂಕಕ್ಕೆ ಹೊರಟರೆ ಮರವಂತೆ, ಕುಂದಾಪುರ, ಕೋಟ ದಾಟಿದ ಮೇಲೆ ಸಾಲಿಗ್ರಾಮದ ಆಸುಪಾಸಿನಲ್ಲಿ ಎರಡು ಊರುಗಳು ಹತ್ತಿರ ಹತ್ತಿರವೇ ಸಿಗುತ್ತವೆ. ಒಂದು ಗುಂಡ್ಮಿ, ಇನ್ನೊಂದು ಪಾಂಡೇಶ್ವರ. ಎರಡೂ ಊರಿನ ಹೆಸರು ಕಾಳಿಂಗ ಎಂಬ ಹೆಸರಿನ ಒಬ್ಬೊಬ್ಬ ಹಾಡುಗಾರರ ಜೊತೆ ಸೇರಿಕೊಂಡಿದೆ. ಗುಂಡ್ಮಿ ಕಾಳಿಂಗ ನಾವಡರು ಬಡಗುತಿಟ್ಟು ಯಕ್ಷಗಾನದ ಭಾಗವತರು. 1958ರಲ್ಲಿ ಹುಟ್ಟಿ, 1990ರಲ್ಲಿ, ಇನ್ನೂ 32 ತುಂಬುವ ಮೊದಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಪಾಂಡೇಶ್ವರ ಕಾಳಿಂಗರಾಯರು 1914ರಲ್ಲಿ ಬ್ರಹ್ಮಾವರ ಕಡೆಯ ಆರೂರಿನಲ್ಲಿ ಹುಟ್ಟಿ 1981ರವರೆಗೆ ಬದುಕಿದವರು, ಕನ್ನಡ ಕವಿತೆಯನ್ನು ಕಛೇರಿಯ ವೇದಿಕೆಗೆ ಏರಿಸಿದವರು, ಸುಗಮ ಸಂಗೀತದ ಪಿತಾಮಹ ಎಂದು ನಾಡೆಲ್ಲ ಕರೆಸಿಕೊಂಡವರು. ಆದರೆ ಇಂದು ಈ ಕರಾವಳಿಯಲ್ಲಿ ಹದಿನೆಂಟು ಇಪ್ಪತ್ತರ ಹುಡುಗರು ಕಾಳಿಂಗ ಎಂದೊಡನೆ ನೆನೆಯುವುದು ನಾವಡರನ್ನೇ. ಅವರ ಪದ್ಯಗಳು ಆ ಹುಡುಗರ ಫೋನಿನಲ್ಲಿವೆ, ಬಾಯಲ್ಲಿವೆ. ರಾಯರ ಹೆಸರು ಪಠ್ಯಪುಸ್ತಕದಲ್ಲೋ ರಸಪ್ರಶ್ನೆಯಲ್ಲೋ ಬಂದು ಹೋಗುತ್ತದೆ, ಅವರ ದನಿ ಮಾತ್ರ ಕೇಳಿರುವುದಿಲ್ಲ. ಇಬ್ಬರ ಯೋಗ್ಯತೆಯನ್ನು ತಕ್ಕಡಿಗೆ ಹಾಕಲು ಈ ಮಾತು ಹೇಳುತ್ತಿಲ್ಲ. ಒಬ್ಬ ಹಾಡುಗಾರ ಉಳಿಯುವುದೂ ಅಳಿಯುವುದೂ ಅವನ ಹಾಡಿನ ಗುಣದಿಂದ ಮಾತ್ರ ನಿರ್ಧಾರವಾಗುವುದಿಲ್ಲ, ಆ ಹಾಡು ಯಾವ ವಸ್ತುವಿನಲ್ಲಿ ದಾಖಲಾಯಿತು ಎಂಬುದರಿಂದಲೂ ನಿರ್ಧಾರವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇರೆ ಬೇಕಿಲ್ಲ. ಆದ್ದರಿಂದ ರಾಯರನ್ನು ಹೊಸ ಕೇಳುಗರ ಬಳಿಗೆ ತರುವ ಕೆಲಸ ಅವರ ಹಾಡುಗಳನ್ನು ಹೊಸಬರಿಂದ ಹಾಡಿಸುವುದರಿಂದ ಶುರುವಾಗಬಾರದು. ಅವರ ಸ್ವಂತ ಧ್ವನಿಮುದ್ರಿಕೆಗಳನ್ನು ಹುಡುಕಿ, ಶುದ್ಧಗೊಳಿಸಿ, ಪೂರ್ತಿ ವಿವರದೊಂದಿಗೆ ಕೈಗೆಟುಕಿಸುವುದರಿಂದಲೇ ಶುರುವಾಗಬೇಕು.

ಅವರು ಮಾಡಿದ ಕೆಲಸ ಎಷ್ಟು ದೊಡ್ಡದು ಎಂದು ತಿಳಿಯಲು ಅವರ ಕಾಲದ ಕರ್ನಾಟಕವನ್ನು ನೆನೆಯಬೇಕು. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಧಾರವಾಡ, ಬೆಳಗಾವಿ ಮುಂಬಯಿಗೆ, ಕಲಬುರಗಿ, ರಾಯಚೂರು ಹೈದರಾಬಾದಿಗೆ. ಮೈಸೂರು ಬೇರೆಯೇ ರಾಜ್ಯ, ಕೊಡಗು ಪ್ರತ್ಯೇಕ. ಬೇಂದ್ರೆ ಧಾರವಾಡದಲ್ಲಿ ಬರೆದರೆ, ಕುವೆಂಪು ಮೈಸೂರಿನಲ್ಲಿ ಬರೆದರೆ ಅದನ್ನು ಓದುವವರು ಪುಸ್ತಕ ಕೊಳ್ಳಬಲ್ಲ ಅಕ್ಷರಸ್ಥರು ಮಾತ್ರ, ಅವರ ಸಂಖ್ಯೆ ತೀರ ಕಡಿಮೆ. ಕರಾವಳಿಯಿಂದ ಹೊರಟು ಮದ್ರಾಸಿನಲ್ಲಿ ನೆಲೆಯಾಗಿ, ಮುಂದೆ ಬೆಂಗಳೂರಿಗೆ ಬಂದ ರಾಯರು ಈ ಹರಿದು ಹಂಚಿಹೋದ ನಾಡಿನ ಕವಿಗಳನ್ನೆಲ್ಲ ಒಂದೇ ಸಂಜೆಯ ಕಛೇರಿಯಲ್ಲಿ ಕೂಡಿಸಿದರು. ಒಂದು ವಚನ, ಒಂದು ದಾಸರ ಪದ, ಹಳೇ ಮೈಸೂರು ಸೀಮೆಯ ಒಂದು ಜನಪದ ಗೀತೆ, ಆಮೇಲೆ ಬೇಂದ್ರೆ, ಕುವೆಂಪು, ರಾಜರತ್ನಂ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಸಂದರ್ಭಕ್ಕೆಂದು ಹುಯಿಲಗೋಳ ನಾರಾಯಣರಾಯರು ಬರೆದ ‘ಉದಯವಾಗಲಿ’ ಮನೆಮಾತಾದದ್ದರಲ್ಲಿ ಕಾಳಿಂಗರಾಯರ ಕಂಠದ ಪಾಲು ದೊಡ್ಡದು. ಏಕೀಕರಣದ ಚರಿತ್ರೆ ಬರೆಯುವವರು ಸಭೆ, ಠರಾವು, ಆಯೋಗಗಳನ್ನು ಎಣಿಸುತ್ತಾರೆ. ಹುಬ್ಬಳ್ಳಿಯವರಿಗೂ ಕುಂದಾಪುರದವರಿಗೂ ಒಂದೇ ಹಾಡು ಬಾಯಿಪಾಠವಾದದ್ದನ್ನು ಯಾರೂ ಎಣಿಸಿದಂತಿಲ್ಲ. ಚಲನಚಿತ್ರದಲ್ಲೂ ಅವರು ಕೆಲಸ ಮಾಡಿದರು. 1947ರ ‘ಕೃಷ್ಣಲೀಲಾ’, 1959ರ ‘ಅಬ್ಬಾ ಆ ಹುಡುಗಿ’ ಅವರ ಸಂಗೀತದ ಚಿತ್ರಗಳು. ಆದರೂ ಅವರ ಮುಖ್ಯ ಸಾಧನೆ ಇರುವುದು ಸಿನಿಮಾದ ಹೊರಗೆ.

ಅವರ ಹಾಡಿಕೆಯ ವಿಶೇಷ ಯಾವುದು? ತೆರೆದ ಗಂಟಲು, ತುಂಬಿದ ದನಿ, ಒಂದು ಅಕ್ಷರವನ್ನೂ ನುಂಗದ ಉಚ್ಚಾರ ಎಂದು ಕೇಳಿದವರೆಲ್ಲ ಒಪ್ಪುತ್ತಾರೆ. ಈ ಗಂಟಲಿನ ಹಿಂದೆ ಅವರ ನೆಲವಿದೆ ಎಂಬುದು ನನ್ನ ನಂಬಿಕೆ. ಅವರ ತಂದೆ ಯಕ್ಷಗಾನ ಕಲಾವಿದರು. ಬಾಲ್ಯದಲ್ಲಿ ನಾಟಕ ಕಂಪನಿಯ ರಂಗವನ್ನೂ ಕಂಡವರು ರಾಯರು. ಮೈಕು ಬರುವ ಮೊದಲಿನ ಆಟದಲ್ಲಿ ಭಾಗವತರು ಚಂಡೆ ಮದ್ದಳೆಯ ನಡುವೆ ರಾತ್ರಿಯಿಡೀ ಪದ ಹೇಳಬೇಕು, ಗದ್ದೆಯ ಕೊನೆಯಲ್ಲಿ ಚಾಪೆ ಹಾಕಿ ಕೂತವರಿಗೂ ಪದ್ಯದ ಮಾತು ತಿಳಿಯಬೇಕು. ತಿಳಿಯದಿದ್ದರೆ ವೇಷಧಾರಿಯ ಅರ್ಥಕ್ಕೆ ಬುಡವೇ ಇಲ್ಲ. ಅಲ್ಲಿ ರಾಗ ಮಾತಿನ ಸೇವೆಗೆ ನಿಲ್ಲುತ್ತದೆ. ಶಾಸ್ತ್ರೀಯ ಸಂಗೀತದ ಪರಿಚಯವಿದ್ದೂ ರಾಯರು ಕವಿತೆಯನ್ನು ಆಲಾಪದಲ್ಲಿ ಮುಳುಗಿಸಲಿಲ್ಲ. ಸಾಲು ಮುಗಿಯುವಲ್ಲಿ ಉಸಿರು ಮುಗಿಸಿದರು, ಅರ್ಥ ತಿರುಗುವಲ್ಲಿ ಸ್ವರ ತಿರುಗಿಸಿದರು. ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಇದಕ್ಕೆ ಕಠಿಣ ಪರೀಕ್ಷೆ. ಅಲ್ಲಿನ ಭಾಷೆ ಹಳೇ ಮೈಸೂರಿನ ಹಳ್ಳಿಗನದು: ಹಕಾರ ಬಿದ್ದುಹೋಗಿರುತ್ತದೆ, ಒಂದು ಪದದ ಕೊನೆ ಮುಂದಿನ ಪದದ ತಲೆಗೆ ಅಂಟಿಕೊಂಡಿರುತ್ತದೆ, ಮೇಲಾಗಿ ಮಾತಾಡುವವನು ಕುಡಿದವನು. ಕುಂದಾಪ್ರ ಕನ್ನಡದ ಸೀಮೆಯಿಂದ ಬಂದವರಿಗೆ ಅದು ಅಕ್ಷರಶಃ ಬೇರೆ ಸೀಮೆಯ ಮಾತು. ಆದರೂ ರಾಯರು ಹಾಡುವಾಗ ರತ್ನ ನಗೆಪಾಟಲಿನ ಕುಡುಕನಾಗುವುದಿಲ್ಲ, ಹೆಂಡತಿಯನ್ನೂ ಕನ್ನಡವನ್ನೂ ಒಂದೇ ಸಮನೆ ಪ್ರೀತಿಸುವ ಬಡವನಾಗಿ ಎದ್ದು ನಿಲ್ಲುತ್ತಾನೆ. ಈಚೆಗೆ ವೇದಿಕೆಗಳಲ್ಲಿ ಇದೇ ಪದಗಳನ್ನು ಹಾಡುವ ಹಲವರಲ್ಲಿ ತೂರಾಡುವ ಅಭಿನಯ ಮುಂದೆ ಬಂದು, ಮಾತು ಹಿಂದೆ ಸರಿಯುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿಸಿದರೆ ಹೈಸ್ಕೂಲು ಮಕ್ಕಳೂ ವ್ಯತ್ಯಾಸ ಗುರುತಿಸಬಲ್ಲರು. ಆದರೆ ಕೇಳಿಸಲು ಮೊದಲನೆಯದು ಸಿಗಬೇಕಲ್ಲ!

ಸಿಗದಿರುವುದಕ್ಕೆ ಕಾರಣ ಗ್ರಾಮಫೋನ್ ಪ್ಲೇಟು. ರಾಯರು ಹಾಡಿದ ಕಾಲದ ಪ್ಲೇಟು ಅರಗಿನ ಮಿಶ್ರಣದ್ದು, ಹತ್ತು ಇಂಚಿನದು, ನಿಮಿಷಕ್ಕೆ 78 ಸುತ್ತು ತಿರುಗುವಂಥದ್ದು. ಒಂದು ಬದಿಗೆ ಮೂರು, ಮೂರೂವರೆ ನಿಮಿಷದ ಹಾಡು. ಕೈಜಾರಿದರೆ ಒಡೆಯುತ್ತಿತ್ತು, ಜಾರದಿದ್ದರೂ ಉಕ್ಕಿನ ಮುಳ್ಳು ಪ್ರತಿ ಸಲ ಗೀರನ್ನು ಸವೆಸುತ್ತಿತ್ತು. ಅಂದರೆ ಹೆಚ್ಚು ಮೆಚ್ಚಿದ ಹಾಡೇ ಬೇಗ ಹಾಳಾಗುತ್ತಿತ್ತು. ಆ ಯಂತ್ರವನ್ನು ಕೊಳ್ಳುವ ಶಕ್ತಿ ಇದ್ದದ್ದು ಊರಿನ ಒಂದೆರಡು ಮನೆಗೆ. ಉಳಿದವರಿಗೆ ರೇಡಿಯೋ. ಕ್ಯಾಸೆಟ್ಟು ಬಂದದ್ದೇ ಬಂದದ್ದು, ಸಂಗೀತ ಅಂಗಡಿಯಿಂದ ಗೂಡಂಗಡಿಗೆ, ಬಸ್ಸಿಗೆ, ಆಟೋಗೆ ಇಳಿಯಿತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟು ಎಂದು ಹೆಸರಾದ ‘ನಿತ್ಯೋತ್ಸವ’ ಹೊರಬಂದದ್ದು 1978ರಲ್ಲಿ, ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ. ಮೂರೇ ವರ್ಷಕ್ಕೆ ಕಾಳಿಂಗರಾಯರು ತೀರಿಕೊಂಡರು. ಕ್ಯಾಸೆಟ್ಟಿನ ಅಲೆ ಏರುವ ಹೊತ್ತಿಗೆ ಹಾಡಲು ಅವರಿರಲಿಲ್ಲ. ಅವರ ಕೆಲವು ಹಾಡು ಮುಂದೆ ಕ್ಯಾಸೆಟ್ಟು, ಸಿ.ಡಿ.ಗೆ ಏರಿದ್ದುಂಟು, ಆದರೆ ಅವರು ಹಾಡಿದ್ದರಲ್ಲಿ ಅದು ಸಣ್ಣ ಪಾಲು. ನಾವಡರ ಅದೃಷ್ಟ ಬೇರೆ. ಅವರು ಮೇಳದಲ್ಲಿ ಮೆರೆದದ್ದು ಟೇಪ್ ರೆಕಾರ್ಡರು ಹಳ್ಳಿಹಳ್ಳಿಗೆ ಬಂದ ದಶಕದಲ್ಲಿ. ಗಲ್ಫ್‌ನಿಂದ, ಮುಂಬಯಿಯಿಂದ ತಂದ ಯಂತ್ರಗಳನ್ನು ರಂಗಸ್ಥಳದ ಪಕ್ಕದಲ್ಲಿಟ್ಟು ಅಭಿಮಾನಿಗಳೇ ಆಟ ದಾಖಲಿಸಿಕೊಂಡರು, ಒಂದಕ್ಕೆ ಹತ್ತು ಪ್ರತಿ ಮಾಡಿಕೊಂಡರು, ಅವರ ಮಕ್ಕಳು ಅದನ್ನು ಅಂತರ್ಜಾಲಕ್ಕೆ ಏರಿಸಿದರು. ಯಾವ ಅಕಾಡೆಮಿಯೂ ಹೇಳಿ ಮಾಡಿಸಿದ ಕೆಲಸವಲ್ಲ ಅದು.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ. ಗರಗರ ಸದ್ದಿನ ಹಳೆಯ ಪ್ಲೇಟನ್ನು ಇಂದಿನ ಕಿವಿ ಸಹಿಸುವುದಿಲ್ಲ. ಹೊಸ ವಾದ್ಯ, ಹೊಸ ಕಂಠದಲ್ಲಿ ಕೊಟ್ಟರಷ್ಟೇ ಹೊಸ ಕೇಳುಗ ಬರುತ್ತಾನೆ ಎಂದು. ಈ ಮಾತಿನಲ್ಲಿ ಹುರುಳಿದೆ, ಚರಿತ್ರೆಯ ಬೆಂಬಲವೂ ಇದೆ. ಜರ್ಮನಿಯಲ್ಲಿ ಬಾಖ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಕೃತಿ ಬಹುಕಾಲ ಮೂಲೆಗೆ ಬಿದ್ದಿತ್ತು. 1829ರಲ್ಲಿ ಇಪ್ಪತ್ತರ ಹರೆಯದ ಮೆಂಡೆಲ್ಸನ್ ಬರ್ಲಿನ್ನಿನಲ್ಲಿ ಅದನ್ನು ಮತ್ತೆ ಹಾಡಿಸಿದ. ಇದ್ದಂತೆ ಹಾಡಿಸಲಿಲ್ಲ, ಹಲವು ಭಾಗ ಕತ್ತರಿಸಿದ, ತನ್ನ ಕಾಲದ ರುಚಿಗೆ ಒಗ್ಗಿಸಿದ. ಆ ಒಂದು ಕಛೇರಿಯಿಂದ ಬಾಖ್ ಯುರೋಪಿಗೆ ಮರಳಿದ. ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. 1850ರಲ್ಲಿ ಒಂದು ಸಂಘ ಕಟ್ಟಿ, ಬಾಖ್ ಬರೆದದ್ದನ್ನೆಲ್ಲ ಮೂಲದಂತೆ ಪ್ರಕಟಿಸುವ ಕೆಲಸಕ್ಕೆ ಇಳಿದರು, ಅರ್ಧ ಶತಮಾನ ದುಡಿದು ಮುಗಿಸಿದರು. ಮೆಂಡೆಲ್ಸನ್ ಒಗ್ಗಿಸಿಕೊಂಡದ್ದು ಮುಂದೆ ಕೃತಿಗೆ ಹಾನಿ ಮಾಡದಿರಲು ಕಾರಣ ಮೂಲದ ಸ್ವರಲಿಪಿ ಕಾಗದದಲ್ಲಿ ಭದ್ರವಾಗಿದ್ದದ್ದು. ಕಾಳಿಂಗರಾಯರ ವಿಷಯದಲ್ಲಿ ಅಂಥ ಕಾಗದ ಯಾವುದಿದೆ? ಅವರ ಹಾಡಿಕೆಯ ಸತ್ವ ಇರುವುದು ಉಚ್ಚಾರದಲ್ಲಿ, ಉಸಿರಿನಲ್ಲಿ, ಮಾತು ಒತ್ತುವ ರೀತಿಯಲ್ಲಿ. ಇದು ಸ್ವರಲಿಪಿಗೆ ಸಿಗುವಂಥದ್ದಲ್ಲ. ಅವರ ಮಟ್ಟಿಗೆ ಪ್ಲೇಟೇ ಹಸ್ತಪ್ರತಿ. ಅದು ಸಿಗುವಂತಿದ್ದರೆ ಎಷ್ಟು ಹೊಸ ರೂಪ ಬಂದರೂ ಸಂತೋಷ; ಅದಿಲ್ಲದೆ ಬರುವ ಹೊಸ ರೂಪ ಮೂಲವೆಂದೇ ಸ್ವೀಕಾರವಾಗಿ, ರಾಯರು ಹಾಡಿನ ಕೆಳಗಿನ ಒಂದು ಹೆಸರಾಗಿ ಮಾತ್ರ ಉಳಿಯುತ್ತಾರೆ.

ಗರಗರ ಸದ್ದಿನ ಮಾತಿಗೂ ಉತ್ತರವಿದೆ. ಅಂತರ್ಜಾಲದಲ್ಲಿ ಈಗ ಸಿಗುವ ಹಳೆಯ ಹಾಡುಗಳಲ್ಲಿ ಹೆಚ್ಚಿನವು ಸವೆದ ಪ್ಲೇಟಿನಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ, ಅಲ್ಲಿಂದ ಫೋನಿಗೆ ಇಳಿದು ಬಂದಂಥವು. ಪ್ರತಿ ಮೆಟ್ಟಿಲಿನಲ್ಲೂ ದನಿ ತೆಳುವಾಗಿರುತ್ತದೆ. ಒಳ್ಳೆಯ ಸ್ಥಿತಿಯ ಪ್ಲೇಟು ಹುಡುಕಿ, ತೊಳೆದು, ಅದರ ಗೀರಿನ ಅಗಲಕ್ಕೆ ತಕ್ಕ ಮುಳ್ಳು ಆರಿಸಿ, ನೇರವಾಗಿ ಡಿಜಿಟಲ್ ಮಾಡಿದರೆ ಸಿಗುವ ದನಿಯೇ ಬೇರೆ. ವೇಗದ ಎಚ್ಚರವೂ ಬೇಕು: 78 ಸುತ್ತಿನ ಪ್ಲೇಟು ನಾಲ್ಕೈದು ಸುತ್ತು ಹೆಚ್ಚು ತಿರುಗಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರ ಏರಿಬಿಡುತ್ತದೆ, ತುಂಬುಕಂಠ ಕೀಚಲಾಗಿ ಕೇಳುತ್ತದೆ. ಇನ್ನು ಸದ್ದು ತೆಗೆಯುವ ಸಾಫ್ಟ್‌ವೇರನ್ನು ವಿಪರೀತ ಉಜ್ಜಿದರೆ ಸಕಾರ, ಶಕಾರಗಳೂ ಸದ್ದಿನ ಜೊತೆಗೇ ಹೋಗುತ್ತವೆ. ಉಚ್ಚಾರವೇ ಪ್ರಾಣವಾದ ಹಾಡುಗಾರನಿಗೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ. ಸ್ವಲ್ಪ ಗರಗರ ಉಳಿಯಲಿ, ಮಾತು ಉಳಿಯಲಿ.

ಹಾಡು ಕವಿಯದು, ಹಾಡುಗಾರ ಬರಿಯ ವಾಹಕ ಎಂಬುದು ಎರಡನೆಯ ಆಕ್ಷೇಪ. ಕವಿತೆ ಪುಸ್ತಕದಲ್ಲಿ ಭದ್ರವಾಗಿರುವಾಗ ಒಬ್ಬ ವಾಹಕನ ಬಗ್ಗೆ ಇಷ್ಟು ಚಿಂತೆ ಏಕೆ? ಇದಕ್ಕೆ ಕರ್ನಾಟಕ ಸರ್ಕಾರವೇ ಒಂದು ರೀತಿಯಲ್ಲಿ ಉತ್ತರ ಕೊಟ್ಟಿದೆ. ನಾಡಗೀತೆಯ ಪಠ್ಯದ ಬಗ್ಗೆ ಇತ್ಯರ್ಥವಾದ ಮೇಲೂ ಅದನ್ನು ಯಾವ ಧಾಟಿಯಲ್ಲಿ ಹಾಡಬೇಕು ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಸಮಿತಿ ಕೂತಿತು, ಕೊನೆಗೆ 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಎರಡೂವರೆ ನಿಮಿಷದ ಅವಧಿಗೆ ಅಧಿಕೃತವೆಂದು ಆದೇಶ ಹೊರಟಿತು. ಕುವೆಂಪು ಬರೆದ ಪದಗಳಲ್ಲಿ ಒಂದಕ್ಷರವೂ ವ್ಯತ್ಯಾಸವಿಲ್ಲದಿದ್ದರೂ ಧಾಟಿ ಬೇರೆಯಾದರೆ ಹಾಡೇ ಬೇರೆ ಎಂದು ನಾಡು ಒಪ್ಪಿಕೊಂಡಂತಾಯಿತು. ಧಾಟಿಗೆ ಅಷ್ಟು ಮರ್ಯಾದೆ ಕೊಡುವವರು ಧಾಟಿ ಹಾಕುವ ಪರಿಪಾಠವನ್ನೇ ಕಟ್ಟಿಕೊಟ್ಟವರ ದನಿಯನ್ನು ಕಾಪಾಡಬೇಡವೇ?

ಇನ್ನೊಂದು ಆಕ್ಷೇಪ ಸಾಹಿತ್ಯದ ಕಡೆಯಿಂದ ಬರುವಂಥದ್ದು. ಇದು ಹೆಚ್ಚು ಗಂಭೀರವಾದದ್ದು. ಕವಿತೆಯನ್ನು ಹಾಡಿದರೆ ಅದರ ಒಳಗಿನ ಬಿಗಿ ಸಡಿಲವಾಗುತ್ತದೆ, ಕೇಳುಗ ರಾಗಕ್ಕೆ ತಲೆದೂಗಿ ಅರ್ಥ ಮರೆಯುತ್ತಾನೆ ಎಂಬುದು ನವ್ಯದ ಕಾಲದಲ್ಲಿ ಬಲವಾಗಿದ್ದ ನಿಲುವು. ನವ್ಯಕ್ಕೆ ದಾರಿ ತೆಗೆದ ಗೋಪಾಲಕೃಷ್ಣ ಅಡಿಗರು ಯಡ್ತರೆಗೆ ದೂರದವರಲ್ಲ, ಇದೇ ಬೈಂದೂರು ಸೀಮೆಯ ಮೊಗೇರಿಯವರು. ಹಾಡಿನ ಲಯದಲ್ಲಿ ಬರೆಯುತ್ತಿದ್ದ ಅಡಿಗರು ಮುಂದೆ ಮಾತಿನ ಒರಟು ಲಯವನ್ನು ಬೇಕೆಂದೇ ಆರಿಸಿಕೊಂಡರು. ‘ಭೂಮಿಗೀತ’ವನ್ನು ಹಾರ್ಮೋನಿಯಂ ಮುಂದಿಟ್ಟುಕೊಂಡು ಹಾಡಲಾಗದು, ಹಾಡಬೇಕಾಗಿಯೂ ಇಲ್ಲ. ಎಲ್ಲ ಕವಿತೆಯೂ ಹಾಡಲ್ಲ ಎಂಬುದನ್ನು ಒಪ್ಪೋಣ. ಆದರೆ ಅಡಿಗರ ಆರಂಭಕಾಲದ ‘ಯಾವ ಮೋಹನ ಮುರಲಿ’ ನಾಗತಿಹಳ್ಳಿ ಚಂದ್ರಶೇಖರರ ‘ಅಮೆರಿಕಾ ಅಮೆರಿಕಾ’ ಚಿತ್ರದಲ್ಲಿ ಕೇಳಿಬಂದಾಗ ಅಡಿಗರ ಹೆಸರೇ ಕೇಳದವರೂ ಅವರ ಪುಸ್ತಕ ಹುಡುಕಿದರು. ರಾಯರ ಹಾಡಿಕೆಯ ಮೇಲಂತೂ ಈ ಆಕ್ಷೇಪ ನಿಲ್ಲುವುದೇ ಕಷ್ಟ, ಏಕೆಂದರೆ ಮಾತನ್ನು ರಾಗದಡಿ ಹೂಳುವುದನ್ನು ಅವರಷ್ಟು ಎಚ್ಚರದಿಂದ ತಪ್ಪಿಸಿದವರು ವಿರಳ. ಭಾವಗೀತೆಯ ಮೇಲೆ ಈಗ ಕೇಳಿಬರುವ ದೂರುಗಳಲ್ಲಿ ಬಹುಪಾಲು, ಅಂದರೆ ವಾದ್ಯಗಳ ಅಬ್ಬರ, ಎಳೆದಾಟ, ಕಣ್ಣೀರಿನ ಅತಿಶಯ ಇವೆಲ್ಲ ಅವರ ನಂತರ ಸೇರಿಕೊಂಡವು. ಬರಿಯ ಹಾರ್ಮೋನಿಯಂ ತಬಲದ ಜೊತೆ ಹಾಡಬಲ್ಲವರಾಗಿದ್ದ ರಾಯರನ್ನು ಕೇಳಿದರೆ ಆ ದೂರು ಯಾರಿಗೆ ಸಲ್ಲಬೇಕು ಎಂಬುದು ಗೊತ್ತಾಗುತ್ತದೆ.

ಕಾಲ ಜರಡಿ ಹಿಡಿಯುತ್ತದೆ, ಉಳಿಯಬೇಕಾದದ್ದು ತಾನಾಗಿ ಉಳಿಯುತ್ತದೆ ಎನ್ನುವವರೂ ಇದ್ದಾರೆ. ಇದನ್ನು ಮಾತ್ರ ನಾನು ಎಳ್ಳಷ್ಟೂ ಒಪ್ಪಲಾರೆ. ಇಬ್ಬರು ಕಾಳಿಂಗರ ಕತೆಯೇ ಈ ಮಾತನ್ನು ಸುಳ್ಳು ಮಾಡುತ್ತದೆ. ತಾನಾಗಿ ಉಳಿಯಿತು ಎಂದು ನಾವು ಹೇಳುವ ಪ್ರತಿಯೊಂದರ ಹಿಂದೆಯೂ ಯಾರೋ ಪಟ್ಟ ಶ್ರಮವಿದೆ. ಕರಾವಳಿಯ ಈ ಜಿಲ್ಲೆಗಳಿಗೆ ಅಂಥ ಶ್ರಮ ಹೊಸದೂ ಅಲ್ಲ. ಕೋಟದ ಶಿವರಾಮ ಕಾರಂತರು ಹಳೆಯ ಪ್ರಸಂಗಗಳ ಓಲೆಗರಿ ಹುಡುಕಿ, ಭಾಗವತರ ಬಾಯಿಂದ ಜಾರುತ್ತಿದ್ದ ಮಟ್ಟುಗಳನ್ನು ವಿಚಾರಿಸಿ ‘ಯಕ್ಷಗಾನ ಬಯಲಾಟ’ ಬರೆದರು. ಆ ಪುಸ್ತಕಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬೆಳ್ತಂಗಡಿ ತಾಲೂಕಿನ ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಸಂಧಿಯನ್ನು ಫಿನ್ಲೆಂಡಿನ ಲೌರಿ ಹಾಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ಕೂಡಿ 1990ರ ಡಿಸೆಂಬರಿನಲ್ಲಿ ದಾಖಲಿಸಿದರು. 15,683 ಸಾಲುಗಳ ಆ ಕಾವ್ಯ ಅನುವಾದದ ಜೊತೆ 1998ರಲ್ಲಿ ಪುಸ್ತಕವಾಯಿತು. ಹಾಡಿದವರು ಯಾರು, ಎಲ್ಲಿ, ಯಾವಾಗ ಎಂಬುದೆಲ್ಲ ಅಲ್ಲಿ ದಾಖಲಾಗಿದೆ. ಅಷ್ಟು ದೊಡ್ಡ ಮೌಖಿಕ ಕಾವ್ಯಕ್ಕೆ ಆ ಶಿಸ್ತು ಸಾಧ್ಯವಾದರೆ, ಮೂರು ನಿಮಿಷದ ಪ್ಲೇಟುಗಳಿಗೆ ಸಾಧ್ಯವಾಗದಿರಲು ಕಾರಣವೇ ಇಲ್ಲ. ವಿಕ್ರಂ ಸಂಪತ್ ಆರಂಭಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆಯ ಪ್ಲೇಟುಗಳನ್ನು ಡಿಜಿಟಲ್ ಮಾಡಿ ಯಾರು ಬೇಕಾದರೂ ಕೇಳುವಂತೆ ಇಟ್ಟು ತೋರಿಸಿದೆ. ದಾರಿ ಇದೆ, ನಡೆಯುವವರು ಬೇಕು.

ಕಾನೂನೂ ಅಡ್ಡ ನಿಂತಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ಮರುವರ್ಷದಿಂದ ಎಣಿಸಿ 60 ವರ್ಷ. 1960ರಲ್ಲಿ ಹೊರಬಂದ ಪ್ಲೇಟಿನ ಹಕ್ಕು 2020ರ ಕೊನೆಗೇ ಮುಗಿದಿದೆ. ಕವಿತೆಯ ಲೆಕ್ಕ ಬೇರೆ. ಅದು ಕವಿ ತೀರಿಕೊಂಡ ಮೇಲೆ 60 ವರ್ಷ. ರಾಜರತ್ನಂ 1979ರಲ್ಲಿ, ಬೇಂದ್ರೆ 1981ರಲ್ಲಿ, ಕುವೆಂಪು 1994ರಲ್ಲಿ ತೀರಿಕೊಂಡವರು, ಆದ್ದರಿಂದ ಅವರ ಕವಿತೆಗಳಿಗೆ ಹಕ್ಕುದಾರರ ಒಪ್ಪಿಗೆ ಬೇಕು. ರಾಯರ ಸಂಯೋಜನೆಗಳ ಬಗ್ಗೆ ಅವರ ಕುಟುಂಬದವರನ್ನು ಕೇಳಿಕೊಳ್ಳುವುದು ಕಾನೂನಿಗೂ ಮರ್ಯಾದೆಗೂ ಒಪ್ಪುವ ದಾರಿ. ಹಾಗಾಗಿ ಮೊದಲು ದಾಸರ ಪದ, ವಚನ, ಜನಪದ ಗೀತೆಗಳ ಪ್ಲೇಟುಗಳನ್ನು ಕೈಗೆತ್ತಿಕೊಂಡು, ಒಪ್ಪಿಗೆ ಪಡೆಯುತ್ತ ಉಳಿದವಕ್ಕೆ ಹೋಗಬಹುದು. ಬೆಂಗಳೂರು ಆಕಾಶವಾಣಿಯೂ ಇದರಲ್ಲಿ ಕೈಜೋಡಿಸಬೇಕು. ಬ್ರಹ್ಮಾವರದಲ್ಲಿ ಬಸ್ ನಿಲ್ದಾಣಕ್ಕೇ ಆಕಾಶವಾಣಿ ಎಂದು ಹೆಸರು ಬರುವಷ್ಟು ಹಳೆಯ ಪ್ರಸಾರ ಗೋಪುರ ನಿಂತಿದೆ, ಆರೂರಿನಿಂದ ಅದು ಹೆಚ್ಚು ದೂರವಲ್ಲ. ವಾರಕ್ಕೊಂದು ದಿನ ಹದಿನೈದು ನಿಮಿಷ ಅಲ್ಲಿಂದ ಆರೂರಿನ ದನಿ ಹೊರಟರೆ ಯಾರಿಗೂ ಹೊರೆಯಾಗದು.

ಹೊಸ ಕೇಳುಗರಿಗೆ ಕೇಳಿಸುವ ಕ್ರಮದ ಬಗ್ಗೆಯೂ ಯೋಚಿಸಬೇಕು. ಜನ್ಮದಿನದಂದು ಭಾವಚಿತ್ರಕ್ಕೆ ಹಾರ ಹಾಕಿ, ಎರಡು ತಾಸು ಭಾಷಣ ಮಾಡಿ, ಕೊನೆಗೆ ಒಂದು ಹಾಡು ಹಾಕಿದರೆ ಹುಡುಗರು ಎದ್ದು ಹೋಗುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ಮೂರು ನಿಮಿಷದ ಹಾಡು ಇಂದಿನ ಫೋನಿನ ಅಳತೆಗೆ ಸರಿಯಾಗಿಯೇ ಇದೆ. ಕೋಟತಟ್ಟಿನ ಕಾರಂತ ಥೀಮ್ ಪಾರ್ಕಿನಲ್ಲಿ, ಬೈಂದೂರಿನ ಶಾಲೆ ಕಾಲೇಜುಗಳಲ್ಲಿ, ಆಸಾಡಿ ಅಮಾಸಿಯ ಕುಂದಾಪ್ರ ಕನ್ನಡ ದಿನದಲ್ಲಿ ಒಂದೇ ಗಂಟೆಯ ಕೇಳಿಕೆ ಇಟ್ಟರೆ ಸಾಕು: ಮೊದಲು ಕೆರೆಯ ಮೇಲಿನ ಒಂದು ಜನಪದ ಗೀತೆ, ಅದರ ಬೆನ್ನಿಗೆ ರತ್ನನ ಒಂದು ಪದ, ಆಮೇಲೆ ದಾಸರದೊಂದು, ಕೊನೆಗೆ ಬೇಂದ್ರೆ. ನಡುವೆ ಒಂದೆರಡು ನಿಮಿಷ, ಯಾರ ಕವಿತೆ, ಯಾವ ಸೀಮೆಯ ಮಾತು ಎಂದಷ್ಟೇ ಹೇಳಬೇಕು. ಕವಿತೆಯ ಪಠ್ಯ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು. ಕಣ್ಣು ಸಾಲಿನ ಮೇಲೆ ಓಡುತ್ತಿರುವಾಗ ಹಾಡುಗಾರ ಎಲ್ಲಿ ನಿಂತ, ಯಾವ ಪದ ಒತ್ತಿದ ಎಂಬುದು ಯಾರೂ ವಿವರಿಸದೆ ಕಾಣುತ್ತದೆ. ಪ್ರತಿ ಹಾಡಿನ ಜೊತೆ ವಿವರವೂ ಹೋಗಬೇಕು: ಕವಿ, ಧ್ವನಿಮುದ್ರಣದ ವರ್ಷ, ಪ್ಲೇಟಿನ ಸಂಖ್ಯೆ, ವಾದ್ಯ ನುಡಿಸಿದವರು, ಜೊತೆಗೆ ಹಾಡಿದವರು. ಜೊತೆಗೆ ಹಾಡಿದವರು ಎಂಬ ಸಾಲು ಬಹಳ ಮುಖ್ಯ. ರಾಯರ ಕಛೇರಿಗಳಲ್ಲಿ ಅವರ ಅಕ್ಕಪಕ್ಕ ಕೂತು ದನಿಗೂಡಿಸಿದವರು ಮೋಹನಕುಮಾರಿ ಮತ್ತು ಸೋಹನಕುಮಾರಿ. ಸಾಲನ್ನು ಎತ್ತಿಕೊಂಡು ಮರುನುಡಿಯುವ ಆ ಎರಡು ಹೆಣ್ಣುದನಿಗಳಿಲ್ಲದೆ ಆ ಕಾಲದ ಕೇಳುಗರು ರಾಯರ ಹಾಡನ್ನು ನೆನೆಯುತ್ತಲೇ ಇರಲಿಲ್ಲ. ಇಂದು ಅಂತರ್ಜಾಲದಲ್ಲಿ ಅದೇ ಹಾಡುಗಳ ಕೆಳಗೆ ಹೆಚ್ಚಿನ ಕಡೆ ಇರುವುದು ರಾಯರೊಬ್ಬರ ಹೆಸರು. ಹೊಸ ಸಂಗ್ರಹದಲ್ಲಿ ಅವರಿಬ್ಬರ ಹೆಸರೂ ರಾಯರ ಹೆಸರಿನ ಪಕ್ಕದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಬರಬೇಕು.